ಮಂಚಕ್ಕೆ ಕಟಕಟೆ ಬಂದ ಬಗೆ

ಜ್ವರವೋ ನ್ಯುಮೋನಿಯವೋ ಶಸ್ತ್ರಚಿಕಿತ್ಸೆಯೋ ನಿಮಿತ್ತವಾಗಿ ಆಸ್ಪತ್ರೆಯನ್ನು ಸೇರಿದ ವೃದ್ಧರೊಬ್ಬರು, ಬಂದ ವ್ಯಾಧಿ ಇಳಿಮುಖವಾಗಿ, ಇನ್ನೆರಡು ದಿನಗಳಲ್ಲಿ ಮನೆಗೆ ಹಿಂದಿರುಗಬಹುದೆಂದು ವೈದ್ಯರು ಹೇಳಿಹೋದ ರಾತ್ರಿಯೇ ಮೂತ್ರಕ್ಕೆಂದು ಎದ್ದು, ಮಂಚಕ್ಕೂ ಶೌಚಗೃಹಕ್ಕೂ ನಡುವಣ ಹತ್ತು ಹನ್ನೆರಡು ಹೆಜ್ಜೆಗಳ ದಾರಿಯಲ್ಲಿ ಬಿದ್ದು, ತೊಡೆಯೆಲುಬನ್ನು ಸೊಂಟದ ಬಳಿ ಮುರಿದುಕೊಂಡು, ಮತ್ತೆಂದೂ ಸ್ವತಂತ್ರವಾಗಿ ನಡೆಯಲಾರದ ಸ್ಥಿತಿಗೆ ಬರುವುದು ಆಸ್ಪತ್ರೆಗಳಲ್ಲಿ ಒದಗುವ ಅನರ್ಥಗಳಲ್ಲೆಲ್ಲ ಬಹು ಸಾಮಾನ್ಯವಾದುದು. ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆಯ ಆಸ್ಪತ್ರೆಗಳಿಂದ ಈಚೆಗೆ ವರದಿಯಾಗಿರುವ ಪತನಗಳ ಸಂಖ್ಯೆಯೇ ವರ್ಷವೊಂದಕ್ಕೆ ಸುಮಾರು 2,50,000. ಬಿದ್ದವರೆಲ್ಲರ ಮೂಳೆಯೂ ಮುರಿಯುವುದಿಲ್ಲವೆಂಬುದು ನಿಜ. ಆದರೆ ಒಮ್ಮೆ ಬಿದ್ದವರ ಮನಸ್ಸಿನಲ್ಲಿ ನೆಲಸುವ ಅಂಜಿಕೆ, ಆ ಅಂಜಿಕೆಯಿಂದ ಮಂಚವನ್ನು ಬಿಟ್ಟೇಳದಿರುವ ಅಭ್ಯಾಸ, ಆ ಅಭ್ಯಾಸದಿಂದ ಸೊರಗುವ ಕಾಲುಗಳು, ಸೊರಗಿದ ಕಾಲುಗಳ ದೆಸೆಯಿಂದ ಮತ್ತೊಂದು ಪತನ, ಹೀಗೆ ಸಾಗುವ ಪರಂಪರೆಯನ್ನು ಯಾವ ಅಂಕಿಯೂ ಅಳೆಯಲಾರದು.

ರೋಗಿ ಬೀಳದಂತೆ ನೋಡಿಕೊಳ್ಳುವುದಕ್ಕೆ ಜನ ಬಹುಕಾಲದಿಂದ ಬಲ್ಲ ಉಪಾಯಗಳು ಎರಡೇ: ಅವನ ಪಕ್ಕದಲ್ಲಿ ಒಬ್ಬರಿರುವುದು, ಇಲ್ಲವೇ ಅವನು ಏಳಲಾಗದಂತೆ ಮಾಡುವುದು. ಕಳೆದ ಇನ್ನೂರು ವರ್ಷಗಳ ಪಾಶ್ಚಾತ್ಯ ಆಸ್ಪತ್ರೆಗಳ ಚರಿತ್ರೆಯನ್ನು ಈ ದೃಷ್ಟಿಯಿಂದ ಅವಲೋಕಿಸಿದರೆ, ಪಕ್ಕದಲ್ಲಿರತಕ್ಕವರು ಕಡಮೆಯಾದಾಗಲೆಲ್ಲ ಹಗ್ಗ, ಪಟ್ಟಿ, ಕಟಕಟೆಗಳು ಹೆಚ್ಚಿರುವುದೂ, ಹಾಗೆ ಹೆಚ್ಚಿದಾಗಲೆಲ್ಲ ಅವಕ್ಕೆ ರೋಗಿಯ ರಕ್ಷಣೆಯೆಂಬ ಹೆಸರೇ ದೊರೆತಿರುವುದೂ ಕಣ್ಣಿಗೆ ಕಟ್ಟುತ್ತದೆ.

ಕಟ್ಟಬೇಕೇ ಕಟ್ಟಬಾರದೇ ಎಂಬ ವಿವಾದ ಮೊದಲು ಕಾವೇರಿದುದು ಮಾನಸಿಕ ರೋಗಿಗಳ ಆಲಯಗಳಲ್ಲಿ. ಇಂಗ್ಲೆಂಡಿನ ಲಿಂಕನ್ ನಗರದಲ್ಲಿ ರಾಬರ್ಟ್ ಗಾರ್ಡಿನರ್ ಹಿಲ್ ಎಂಬ ತರುಣ ವೈದ್ಯರು 1838ರ ವೇಳೆಗೆ ಬಂಧನದ ಸಾಧನಗಳನ್ನೆಲ್ಲ ಕೈಬಿಟ್ಟಿದ್ದರು. ಮರುವರ್ಷ ಲಂಡನ್ನಿನ ಸಮೀಪದ ಹ್ಯಾನ್‌ವೆಲ್‌ನಲ್ಲಿ, ಸುಮಾರು 800 ರೋಗಿಗಳಿದ್ದ ಬೃಹತ್ ಸಂಸ್ಥೆಯಲ್ಲಿ, ಜಾನ್ ಕಾನೊಲಿ ಅದೇ ಕ್ರಮವನ್ನು ಅನುಸರಿಸಿ ಅದಕ್ಕೆ ದೇಶಾದ್ಯಂತ ಗೌರವವನ್ನು ಗಳಿಸಿಕೊಟ್ಟರು. ಹಿಲ್ ಒತ್ತಿ ಹೇಳಿದ ಮಾತೊಂದುಂಟು. ಅದನ್ನು ಅವರ ಅನುಯಾಯಿಗಳು ಅನೇಕರು ಮರೆತರು. ಕಟ್ಟು ಬಿಚ್ಚಬೇಕಾದರೆ ಹಗಲಿರುಳೂ ಎಚ್ಚರದಿಂದಿರುವ, ಸಾಕಷ್ಟು ಸಂಖ್ಯೆಯ, ಯೋಗ್ಯರಾದ ಪರಿಚಾರಕರು ಬೇಕು ಎಂಬುದೇ ಆ ಮಾತು. ಅಮೆರಿಕದ ಆಲಯಗಳ ಅಧಿಕಾರಿಗಳು ಕಟ್ಟಬಾರದೆಂಬ ಈ ತತ್ತ್ವವನ್ನು ಒಪ್ಪಲಿಲ್ಲ. ನ್ಯೂಯಾರ್ಕ್ ಸಂಸ್ಥಾನದ ಯೂಟಿಕ ನಗರದಲ್ಲಿ 1843ರಲ್ಲಿ ತೆರೆದ ಸರ್ಕಾರಿ ಆಲಯಕ್ಕೆ ಕೆಲವೇ ವರ್ಷಗಳಲ್ಲಿ ಒಂದು ವಿಚಿತ್ರವಾದ ಮಂಚ ಬಂದಿತು: ಮಗುವಿನ ತೊಟ್ಟಿಲಿನಂತೆ ನಾಲ್ಕೂ ಕಡೆ ಮರದ ಸರಳುಗಳು, ಮೇಲೆ ಕೀಲಿನಿಂದ ತಿರುಗುವ ಸರಳಿನದೇ ಮುಚ್ಚಳ, ಮುಚ್ಚಳಕ್ಕೆ ಬೀಗ. ಒಳಗಿದ್ದವನು ಮಗ್ಗುಲು ಬದಲಿಸಬಹುದಾಗಿತ್ತು, ಎದ್ದು ಕೂರುವಂತಿರಲಿಲ್ಲ. ಬಳಲಿದ ರೋಗಿಗೆ ವಿಶ್ರಾಂತಿ ಕೊಡುವ, ತನಗೆ ತಾನೇ ಹಾನಿ ಮಾಡಿಕೊಳ್ಳದಂತೆ ಅವನನ್ನು ಕಾಯುವ ಸಾಧನವೆಂದು ಅದನ್ನು ಸಮರ್ಥಿಸಿದವರು ಕ್ರೂರಿಗಳೇನೂ ಆಗಿರಲಿಲ್ಲ. ತಾವು ಮಾಡುತ್ತಿರುವುದು ದಯೆಯ ಕಾರ್ಯವೆಂದೇ ಅವರು ನಂಬಿದ್ದರು. ನಾಲ್ಕು ದಶಕಗಳ ತರುವಾಯ, 1887ರಲ್ಲಿ, ಜಿ. ಆಲ್ಡರ್ ಬ್ಲೂಮರ್ ಎಂಬ ಹೊಸ ಅಧಿಕಾರಿ ಆ ಮಂಚಗಳನ್ನು ಅಲ್ಲಿಂದ ತೆಗೆಸಿಹಾಕಿದರು.

ಸಾಮಾನ್ಯ ಆಸ್ಪತ್ರೆಗಳಲ್ಲಿ ಆ ಕಾಲದ ಮಂಚಗಳು ಬಹುಮಟ್ಟಿಗೆ ತೆರೆದ ಮಂಚಗಳೇ. ಅಲ್ಲಿ ರೋಗಿಯನ್ನು ಕಾಯುತ್ತಿದ್ದುದು ಕಣ್ಣು. ಫ್ಲಾರೆನ್ಸ್ ನೈಟಿಂಗೇಲ್ ಆಸ್ಪತ್ರೆಗಳ ರಚನೆಯನ್ನು ಕುರಿತು 1859ರಲ್ಲಿ ಪ್ರಕಟಿಸಿ 1863ರಲ್ಲಿ ವಿಸ್ತರಿಸಿದ ಗ್ರಂಥದಲ್ಲಿ ವಿವರಿಸಿದ, 1871ರಲ್ಲಿ ಥೇಮ್ಸ್ ನದಿಯ ದಡದಲ್ಲಿ ತೆರೆದ ಹೊಸ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಮೂರ್ತಗೊಂಡ ಆ ಉದ್ದನೆಯ ವಾರ್ಡು, ಎರಡು ಸಾಲುಗಳಲ್ಲಿ ಸುಮಾರು 30 ಮಂಚಗಳು, ಎರಡೂ ಬದಿಗೆ ಎತ್ತರದ ಕಿಟಕಿಗಳು, ಇವೆಲ್ಲ ಗಾಳಿ ಬೆಳಕುಗಳಿಗಾಗಿ ಎಂದು ನಾವು ಸಾಧಾರಣವಾಗಿ ಓದುತ್ತೇವೆ. ಆದರೆ ವಾರ್ಡಿನ ಮುಖ್ಯ ದಾದಿ ತಾನು ನಿಂತೆಡೆಯಿಂದಲೇ ಎಲ್ಲ ರೋಗಿಗಳನ್ನೂ ಒಂದು ನೋಟದಲ್ಲಿ ಕಾಣುವಂತಿರಬೇಕೆಂಬುದೂ ಆ ವಿನ್ಯಾಸದ ಆಶಯವಾಗಿತ್ತು. ನಮ್ಮ ನಾಡಿನ ಹಳೆಯ ಸರ್ಕಾರಿ ಆಸ್ಪತ್ರೆಗಳ ಜನರಲ್ ವಾರ್ಡುಗಳನ್ನು ನೋಡಿದವರಿಗೆ ಈ ಏರ್ಪಾಟು ಅಪರಿಚಿತವಲ್ಲ. ಅಲ್ಲಿ ಏಕಾಂತವೆಂಬುದು ದುರ್ಲಭವೆಂಬುದೇನೋ ನಿಜ, ಆದರೆ ಒಬ್ಬರು ಮಂಚದಿಂದ ಕಾಲಿಳಿಸಿದರೆ ಇಪ್ಪತ್ತು ಜನ ಅದನ್ನು ಕಾಣುತ್ತಾರೆ, ಯಾರಾದರೊಬ್ಬರು ಸಿಸ್ಟರನ್ನು ಕೂಗಿ ಕರೆಯುತ್ತಾರೆ.

ಕಟಕಟೆ ಬಂದುದು ಈ ಕಣ್ಣು ದೂರವಾದಾಗ. ಅಮೆರಿಕದಲ್ಲಿ ಎರಡನೆಯ ಮಹಾಯುದ್ಧದ ತರುವಾಯ ಆಸ್ಪತ್ರೆಗಳು ವಿಸ್ತಾರಗೊಂಡುವು; ಉದ್ದನೆಯ ವಾರ್ಡುಗಳು ಹೋಗಿ ಒಬ್ಬರ, ಇಬ್ಬರ ಕೋಣೆಗಳು ಬಂದುವು; ಅದೇ ಸಮಯಕ್ಕೆ ದಾದಿಯರ ಅಭಾವ ತೀವ್ರವಾಯಿತು. ಬಾಗಿಲು ಮುಚ್ಚಿದ ಕೋಣೆಯೊಳಗೆ, ನಿದ್ರೆಯ ಔಷಧಿಯ ಮಂಪರಿನಲ್ಲಿ ಮಲಗಿರುವ ರೋಗಿಯನ್ನು ಯಾರು ನೋಡಬೇಕು? ಈ ಪ್ರಶ್ನೆಗೆ ಮಂಚದ ಎರಡೂ ಬದಿಗಳಲ್ಲಿ ಎತ್ತಿ ನಿಲ್ಲಿಸಬಹುದಾದ ಲೋಹದ ಕಟಕಟೆ ಸುಲಭವಾದ ಉತ್ತರವಾಗಿ ಕಂಡಿತು. ಬಿದ್ದ ರೋಗಿಗಳ ಕಡೆಯವರು ಹೂಡಿದ ದಾವೆಗಳಲ್ಲಿ ಕಟಕಟೆಯನ್ನು ಎತ್ತಿ ನಿಲ್ಲಿಸಿತ್ತೇ ಇಲ್ಲವೇ ಎಂಬುದೇ ವಾದದ ವಿಷಯವಾಗತೊಡಗಿದ ಮೇಲಂತೂ ಅದು ಚಿಕಿತ್ಸೆಯ ಸಾಧನವಾಗಿ ಉಳಿಯದೆ ಆಸ್ಪತ್ರೆಯ ನಿರ್ದೋಷಿತ್ವಕ್ಕೆ ಸಾಕ್ಷ್ಯವಾಯಿತು. ಬಾರ್ಬರಾ ಬ್ರಷ್, ಎಲಿಜಬೆತ್ ಕಾಪೆಜುಟಿ ಎಂಬ ಇಬ್ಬರು ನರ್ಸಿಂಗ್ ವಿದ್ವಾಂಸರು 2001ರಲ್ಲಿ ಈ ಕಟಕಟೆಯ ಚರಿತ್ರೆಯನ್ನೇ ಅಧ್ಯಯನ ಮಾಡಿ ಪ್ರಕಟಿಸಿದ್ದಾರೆ. ಅದನ್ನು ಮಂಚಕ್ಕೆ ತಂದುದು ವೈಜ್ಞಾನಿಕ ಪರೀಕ್ಷೆಯಲ್ಲ, ದಾದಿಯರ ಕೊರತೆಯೂ ಕಾನೂನಿನ ಭಯವೂ ಸೇರಿ ರೂಢಿಯಾಗಿ ಬೆಳೆಸಿದ ಒಂದು ಸಮ್ಮತಿಯೆಂಬುದು ಅವರ ಬರಹದಿಂದ ನಾನು ಕಲಿತ ಪಾಠ. ಆಸ್ಪತ್ರೆಯ ಇನ್ನೆಷ್ಟು ರೂಢಿಗಳ ಮೂಲ ಹೀಗೆಯೇ ಇದ್ದೀತೆಂದು ಯೋಚಿಸಬೇಕಾಗಿದೆ.

ಕಟಕಟೆಯ ಮರ್ಮ ಅದನ್ನು ಹತ್ತಿರದಿಂದ ನೋಡಿದಾಗಲೇ ತಿಳಿಯುವುದು. ಎಚ್ಚರವಿಲ್ಲದೆ ಮಲಗಿರುವವನು ಉರುಳಿಬೀಳದಂತೆ ಅದು ತಡೆಯುವುದು ಸತ್ಯ. ಗಾಲಿಮಂಚದಲ್ಲಿ ಶಸ್ತ್ರಚಿಕಿತ್ಸೆಯ ಕೋಣೆಗೆ ಸಾಗಿಸುವಾಗ ಅದು ಬೇಕೇ ಬೇಕು. ಆದರೆ ಬುದ್ಧಿಭ್ರಮಣೆಗೊಂಡ, ಮೂತ್ರದ ಒತ್ತಡದಿಂದ ಚಡಪಡಿಸುವ ವೃದ್ಧೆಗೆ ಅದು ತಡೆಯಲ್ಲ, ದಾಟಬೇಕಾದ ಗೋಡೆ. ಆಕೆ ಮೊದಲು ಕಾಲಬದಿಗೆ ಸರಿದು ಕಟಕಟೆ ಮುಗಿಯುವಲ್ಲಿ ತೂರಿಕೊಳ್ಳಲು ಯತ್ನಿಸುತ್ತಾಳೆ; ಆಗದಿದ್ದರೆ ಮೊಣಕಾಲೂರಿ ಮೇಲಕ್ಕೇರುತ್ತಾಳೆ. ಆಮೇಲಿನ ಪತನ ಮಂಚದ ಎತ್ತರದಿಂದಲ್ಲ, ಮಂಚ ಮತ್ತು ಕಟಕಟೆಗಳೆರಡರ ಎತ್ತರದಿಂದ. ಬಹುವೇಳೆ ತಲೆ ಮುಂದಾಗಿ. ಇನ್ನೊಂದು ಅಪಾಯ ಇದಕ್ಕಿಂತಲೂ ಘೋರ. ಹಾಸಿಗೆಗೂ ಕಟಕಟೆಗೂ ನಡುವಿನ ಸಂದಿಯಲ್ಲಿ ಕೃಶವಾದ ದೇಹ ಜಾರಿ, ಕತ್ತೋ ಎದೆಯೋ ಸಿಕ್ಕಿಕೊಂಡು ಉಸಿರು ಕಟ್ಟುವುದುಂಟು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಈ ವಿಷಯವಾಗಿ 1995ರಲ್ಲಿ ಎಚ್ಚರಿಕೆಯನ್ನು ಹೊರಡಿಸಿತು. 1985ರಿಂದ 2009ರ ಆರಂಭದವರೆಗೆ ಅದಕ್ಕೆ ವರದಿಯಾದ ಇಂಥ 803 ಪ್ರಸಂಗಗಳಲ್ಲಿ 480 ಮಂದಿ ಮೃತಪಟ್ಟಿದ್ದರು. ಬೀಳದಿರಲೆಂದು ಹಾಕಿದ ಕಂಬಿಯ ನಡುವೆ ಸಿಕ್ಕಿ ಸತ್ತವರ ಈ ಸಂಖ್ಯೆಯನ್ನು ಓದಿದವರಿಗೆ ಸಂಕಟವಾಗದೆ ಇರದು.

ಅಮೆರಿಕದಲ್ಲಿ ಕಟಕಟೆ ಬೇರೂರುವ ಮೊದಲೇ ಇಂಗ್ಲೆಂಡಿನಲ್ಲಿ ಬೇರೊಂದು ವಿಚಾರಧಾರೆ ಹೊರಟಿತ್ತು. ನನ್ನ ಮಟ್ಟಿಗೆ ಈ ಚರಿತ್ರೆಯ ಅತ್ಯಂತ ಉಜ್ಜ್ವಲವಾದ ಭಾಗ ಅದೇ. 1935ರಲ್ಲಿ ಲಂಡನ್ನಿನ ಪಶ್ಚಿಮದ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆ ತನ್ನ ಪಕ್ಕದಲ್ಲಿದ್ದ ಬಡವರ ರುಗ್ಣಾಲಯವನ್ನು ವಹಿಸಿಕೊಂಡಾಗ, ಅಲ್ಲಿದ್ದ 714 ಮಂದಿ ದೀರ್ಘರೋಗಿಗಳ ಹೊಣೆ ಮಾರ್ಜರಿ ವಾರನ್ ಎಂಬ ವೈದ್ಯೆಯ ಪಾಲಿಗೆ ಬಂದಿತು. ಅವರಲ್ಲಿ ಬಹುಮಂದಿ ವರ್ಷಗಟ್ಟಲೆ ಹಾಸಿಗೆ ಹಿಡಿದವರು. ಕಾಯಿಲೆ ಏನೆಂದು ಸರಿಯಾಗಿ ಪರೀಕ್ಷಿಸಿದವರೇ ಇಲ್ಲದವರು. ವಾರನ್ ಅವರು ಒಬ್ಬೊಬ್ಬರನ್ನೂ ಪರೀಕ್ಷಿಸಿ, ವರ್ಗೀಕರಿಸಿ, ಚಿಕಿತ್ಸೆ ಮಾಡಿ, ಎಬ್ಬಿಸಿ ಕೂರಿಸಿ, ಕೂತವರನ್ನು ನಿಲ್ಲಿಸಿ, ನಿಂತವರನ್ನು ನಡೆಯಿಸಿದರು. ಮಂಕುಬಣ್ಣದ ಗೋಡೆಗಳಿಗೆ ಕೆನೆಬಣ್ಣ ಬಳಿಸಿದರು, ಬೆಳಕನ್ನು ಹೆಚ್ಚಿಸಿದರು, ಮಂಚದ ಪಕ್ಕದಲ್ಲಿ ಕೈಗಳುಳ್ಳ ಕುರ್ಚಿಯನ್ನು ಹಾಕಿಸಿದರು. ಕುರ್ಚಿಯೆಂದರೆ ಸಣ್ಣ ವಸ್ತುವೆಂದು ತೋರಬಹುದು. ಆದರೆ ಮಂಚದ ಪಕ್ಕದಲ್ಲಿ ಕುರ್ಚಿಯಿದ್ದರೆ ಆ ರೋಗಿ ಏಳತಕ್ಕವನೆಂಬ ನಿರೀಕ್ಷೆ ವಾರ್ಡಿನಲ್ಲಿ ಎಲ್ಲರಿಗೂ ಹುಟ್ಟುತ್ತದೆ, ರೋಗಿಗೂ ಹುಟ್ಟುತ್ತದೆ. ಎಷ್ಟೋ ಮಂದಿ ಮನೆಗೆ ಮರಳಿ, ಆ ವಿಭಾಗಕ್ಕೆ ಬೇಕಾದ ಮಂಚಗಳ ಸಂಖ್ಯೆ ಸುಮಾರು 240ಕ್ಕೆ ಇಳಿಯಿತು. 1943ರಲ್ಲಿ, ಮತ್ತೆ 1946ರಲ್ಲಿ ಅವರು ಬರೆದ ಲೇಖನಗಳಿಂದ ವೃದ್ಧರ ವೈದ್ಯವೆಂಬ ಪ್ರತ್ಯೇಕ ಶಾಖೆಯೇ ಬ್ರಿಟನ್ನಿನಲ್ಲಿ ತಲೆಯೆತ್ತಿತು.

ಮಲಗಿರುವುದೇ ಕ್ಷೇಮವೆಂಬ ನಂಬಿಕೆಯ ಮೇಲೆ ನೇರವಾದ ಪ್ರಹಾರ ಮಾಡಿದವರು ಇಂಗ್ಲೆಂಡಿನ ವೈದ್ಯ ರಿಚರ್ಡ್ ಆಶರ್. ಶಸ್ತ್ರಚಿಕಿತ್ಸೆಯಾದವರನ್ನು ಬೇಗ ಎಬ್ಬಿಸಬೇಕೆಂದು ಷಿಕಾಗೋ ನಗರದ ಎಮಿಲ್ ರೀಸ್ 1899ರಲ್ಲಿಯೇ ಬರೆದಿದ್ದರೂ ಆ ಮಾತನ್ನು ಬಹುಕಾಲ ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಯುದ್ಧಕಾಲದಲ್ಲಿ ಮಂಚಗಳಿಗೂ ಜನಕ್ಕೂ ಅಭಾವವುಂಟಾಗಿ, ಬೇಗ ಎದ್ದವರು ಬೇಗ ಗುಣವಾದುದನ್ನು ಕಣ್ಣಾರೆ ಕಂಡ ಮೇಲೆಯೇ ವೈದ್ಯಲೋಕ ಅದನ್ನು ಆಲಿಸಿದುದು. 1947ರ ಡಿಸೆಂಬರಿನಲ್ಲಿ ಬ್ರಿಟಿಷ್ ವೈದ್ಯ ಪತ್ರಿಕೆಯಲ್ಲಿ ಅಚ್ಚಾದ ಲೇಖನದಲ್ಲಿ ಆಶರ್, ಹಾಸಿಗೆಯಲ್ಲೇ ಬಿದ್ದಿರುವವನ ಶ್ವಾಸಕೋಶ, ರಕ್ತನಾಳ, ಚರ್ಮ, ಸ್ನಾಯು, ಎಲುಬು, ಮೂತ್ರಕೋಶ, ಕೊನೆಗೆ ಮನಸ್ಸು, ಇವುಗಳಿಗೆ ಒಂದೊಂದಾಗಿ ಆಗುವ ಹಾನಿಯನ್ನು ವಿವರಿಸಿದರು. ಅದು ಇಂದಿಗೂ ಹಳತಾಗಿಲ್ಲ. ಪತನದ ಪ್ರಶ್ನೆಗೆ ಅದರಿಂದ ಒದಗುವ ಬೆಳಕು ಇದು: ರೋಗಿಯನ್ನು ಮಲಗಿಸಿಟ್ಟಷ್ಟು ದಿನವೂ ಅವನ ತೊಡೆಯ ಸ್ನಾಯು ಕರಗುತ್ತಿರುತ್ತದೆ, ನಿಂತಾಗ ರಕ್ತದೊತ್ತಡವನ್ನು ಸರಿದೂಗಿಸಿಕೊಳ್ಳುವ ದೇಹದ ಶಕ್ತಿ ಕುಗ್ಗುತ್ತಿರುತ್ತದೆ, ಆದಕಾರಣ ಇಂದು ಬೀಳದಂತೆ ಅವನನ್ನು ಮಂಚದಲ್ಲಿಟ್ಟವರು ಮುಂದಿನ ವಾರದ ಪತನಕ್ಕೆ ಸಿದ್ಧತೆ ಮಾಡುತ್ತಿರುತ್ತಾರೆ.

ಬೀಳುವುದನ್ನೇ ಶಾಸ್ತ್ರೀಯವಾದ ಅಧ್ಯಯನಕ್ಕೆ ವಸ್ತುವಾಗಿ ಮಾಡಿಕೊಂಡವರು ವುಲ್ವರ್‌ಹ್ಯಾಂಪ್ಟನ್ ನಗರದ ವೈದ್ಯ ಜೆ. ಎಚ್. ಶೆಲ್ಡನ್. ತಮ್ಮ ಊರಿನ ವೃದ್ಧರ ಜೀವನವನ್ನು ಮನೆಮನೆಗೆ ಹೋಗಿ ನೋಡಿ 1948ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದ್ದ ಅವರು, 1960ರಲ್ಲಿ 202 ಮಂದಿಯ 500 ಪತನಗಳನ್ನು ಕೂಲಂಕಷವಾಗಿ ವಿಚಾರಿಸಿ ಬರೆದರು. ಮುದುಕರು ಬೀಳುವುದು ಸಹಜ ಎಂದು ಕೈತೊಳೆದುಕೊಳ್ಳುವ ಮನೋಭಾವ ಅವರಿಗೆ ಸಮ್ಮತವಿರಲಿಲ್ಲ. ಎಡವಿ ಬಿದ್ದುದೇ, ತಲೆಸುತ್ತಿ ಬಿದ್ದುದೇ, ಮೆಟ್ಟಿಲಲ್ಲೇ, ಕತ್ತಲೆಯಲ್ಲೇ ಎಂದು ಅವರು ಬಿಡಿಸಿ ಕೇಳಿದರು. 125 ಪತನಗಳಲ್ಲಿ ಯಾವ ಮುನ್ಸೂಚನೆಯೂ ಇಲ್ಲದೆ, ಪ್ರಜ್ಞೆಯೂ ತಪ್ಪದೆ, ಕಾಲುಗಳು ಒಮ್ಮೆಲೇ ಕೈಕೊಟ್ಟಿದ್ದುದನ್ನು ಕಂಡು ಅದಕ್ಕೊಂದು ಪ್ರತ್ಯೇಕ ಸ್ಥಾನವನ್ನೇ ಕೊಟ್ಟರು. ಕಾರಣವಿಲ್ಲದ ಪತನವಿಲ್ಲ, ಕಾರಣವಿದ್ದಲ್ಲಿ ಪರಿಹಾರವನ್ನು ಹುಡುಕಬಹುದು, ಎಂಬ ಈ ಪ್ರತಿಜ್ಞೆಯೇ ಮುಂದಿನ ಸಂಶೋಧನೆಗಳಿಗೆಲ್ಲ ತಳಹದಿಯಾಯಿತು.

ಮಂಚದ ಎತ್ತರದ ಕಥೆಯನ್ನೂ ಇಲ್ಲಿ ಹೇಳಬೇಕು. ಹಳೆಯ ಆಸ್ಪತ್ರೆ ಮಂಚಗಳು ದಾದಿಯರು ಬೆನ್ನು ಬಗ್ಗಿಸದೆ ಕೆಲಸ ಮಾಡುವಷ್ಟು ಎತ್ತರದವು. ಕುಳ್ಳಾದ ವೃದ್ಧೆ ಅದರ ಅಂಚಿನಲ್ಲಿ ಕೂತರೆ ಅಂಗಾಲು ನೆಲವನ್ನು ಮುಟ್ಟುವುದಿಲ್ಲ. ನೆಲ ಸಿಗುವತನಕ ಜಾರುವುದೇ ಆಗ ಗತಿ. ಲಂಡನ್ನಿನ ಕಿಂಗ್ಸ್ ಫಂಡ್ ಎಂಬ ಸಂಸ್ಥೆಯ ಆಶ್ರಯದಲ್ಲಿ ರಾಯಲ್ ಕಾಲೇಜ್ ಆಫ್ ಆರ್ಟ್‌ನ ಬ್ರೂಸ್ ಆರ್ಚರ್ ಮತ್ತು ಅವರ ಸಂಗಡಿಗರು 1960ರ ದಶಕದಲ್ಲಿ ಈ ಸಮಸ್ಯೆಯನ್ನು ಕೈಗೆತ್ತಿಕೊಂಡು, ಮಂಚವನ್ನು ದಾದಿ ಹೇಗೆ ಬಳಸುತ್ತಾಳೆ, ರೋಗಿ ಹೇಗೆ ಬಳಸುತ್ತಾನೆ ಎಂಬುದನ್ನು ವಾರ್ಡುಗಳಲ್ಲಿಯೇ ಗಮನಿಸಿ, ಶುಶ್ರೂಷೆಯ ವೇಳೆಯಲ್ಲಿ ಏರಿಸಿ ರೋಗಿ ಇಳಿಯುವ ವೇಳೆಯಲ್ಲಿ ತಗ್ಗಿಸಬಹುದಾದ ಮಂಚವನ್ನು ರೂಪಿಸಿದರು. 1967ರಲ್ಲಿ ಅದರ ಮಾದರಿ ನಿಯಮಗಳು ಪ್ರಕಟವಾದುವು. ಇಂದು ನಮ್ಮ ಆಸ್ಪತ್ರೆಗಳಲ್ಲಿ ಹಿಡಿಕೆ ತಿರುಗಿಸಿಯೋ ಗುಂಡಿಯೊತ್ತಿಯೋ ಎತ್ತರವನ್ನು ಬದಲಿಸುವ ಮಂಚಗಳೂ ಇದೇ ವಿಚಾರದ ಫಲ. ಡ್ರೆಸ್ಸಿಂಗ್ ಮುಗಿಸಿ ಹೋಗುವಾಗ ಮಂಚವನ್ನು ಮತ್ತೆ ಕೆಳಕ್ಕಿಳಿಸಲು ಮರೆತರೆ ಮಾತ್ರ ಆ ವಿಚಾರವೆಲ್ಲ ವ್ಯರ್ಥ.

ಇಷ್ಟೆಲ್ಲ ತಿಳಿವು ಲೋಕದಲ್ಲಿದ್ದಾಗಲೇ ಅಮೆರಿಕದ ನರ್ಸಿಂಗ್ ಹೋಮುಗಳಲ್ಲಿ, ಎಂದರೆ ವೃದ್ಧರು ತಮ್ಮ ಕೊನೆಗಾಲವನ್ನು ಕಳೆಯುವ ಶುಶ್ರೂಷಾಲಯಗಳಲ್ಲಿ, ಕಟ್ಟುವುದು ದಿನಚರಿಯೇ ಆಗಿತ್ತು. 1980ರ ದಶಕದಲ್ಲಿ ಅಲ್ಲಿನ ನಿವಾಸಿಗಳಲ್ಲಿ ನೂರಕ್ಕೆ ಸುಮಾರು 40 ಮಂದಿ ಒಂದಲ್ಲ ಒಂದು ಬಗೆಯ ಬಂಧನದಲ್ಲಿದ್ದರು: ಎದೆಯ ಮೇಲೆ ತೊಡಿಸಿ ಅದರ ಪಟ್ಟಿಗಳನ್ನು ಮಂಚದ ಚೌಕಟ್ಟಿಗೋ ಕುರ್ಚಿಯ ಹಿಂಬದಿಗೋ ಬಿಗಿಯುವ ನಿಲುವಂಗಿ, ಸೊಂಟದ ಪಟ್ಟಿ, ಮುಂದೆ ಹಲಗೆಯನ್ನಡ್ಡಹಾಕಿ ಏಳದಂತೆ ಮಾಡಿದ ಕುರ್ಚಿ. ಕಾರಣವನ್ನು ಕೇಳಿದರೆ ಎಲ್ಲೆಡೆಯೂ ಒಂದೇ ಉತ್ತರ, ಬೀಳುತ್ತಾರೆ. ಸ್ಟೀವನ್ ಮೈಲ್ಸ್ ಮತ್ತು ಪ್ಯಾಟ್ರಿಕ್ ಅರ್ವಿನ್ ಎಂಬ ವೈದ್ಯರು 1992ರಲ್ಲಿ ಈ ಬಂಧನಗಳಿಂದಲೇ ಸಂಭವಿಸಿದ 122 ಸಾವುಗಳನ್ನು ಪರಿಶೀಲಿಸಿ ಬರೆದರು. ಕೆಳಕ್ಕೆ ಜಾರಿದ ದೇಹ ಪಟ್ಟಿಯಲ್ಲಿ ತೂಗಿ ಉಸಿರುಗಟ್ಟುವುದೇ ಅವುಗಳ ಸಾಮಾನ್ಯವಾದ ರೀತಿ. ಅದೇ ವರ್ಷ ಯೇಲ್ ವಿಶ್ವವಿದ್ಯಾಲಯದ ಮೇರಿ ಟಿನೆಟಿ ಮತ್ತು ಸಹೋದ್ಯೋಗಿಗಳು ಕನೆಕ್ಟಿಕಟ್ ಸಂಸ್ಥಾನದ 12 ಶುಶ್ರೂಷಾಲಯಗಳ 397 ನಿವಾಸಿಗಳನ್ನು ಒಂದು ವರ್ಷ ಕಾಲ ಗಮನಿಸಿದ ಫಲವನ್ನು ಪ್ರಕಟಿಸಿದರು. ಕಟ್ಟದೆ ಬಿಟ್ಟವರಲ್ಲಿ ಬಿದ್ದು ತೀವ್ರವಾಗಿ ಗಾಯಗೊಂಡವರು ನೂರಕ್ಕೆ 5. ಕಟ್ಟಿದವರಲ್ಲಿ ನೂರಕ್ಕೆ 17. ಹೆಚ್ಚು ಅಪಾಯದಲ್ಲಿದ್ದವರನ್ನೇ ಕಟ್ಟಿದ್ದರೆಂದು ಯಾರಾದರೂ ಆಕ್ಷೇಪಿಸಬಹುದು; ಸಂಶೋಧಕರು ಆ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಕಟ್ಟಿನಿಂದ ರಕ್ಷಣೆ ದೊರೆತುದು ಕಾಣಲಿಲ್ಲ.

ವಿಜ್ಞಾನ ಈ ಮಾತನ್ನು ಹೇಳುವ ಮೊದಲೇ ಅದನ್ನು ನಡೆಸಿ ತೋರಿಸಿದವರಿದ್ದರು. ಪೆನ್ಸಿಲ್ವೇನಿಯದಲ್ಲಿ ಕ್ವೇಕರ್ ಪಂಥದವರು 1973ರಲ್ಲಿ ಸ್ಥಾಪಿಸಿದ ಕೆಂಡಲ್ ಎಂಬ ವೃದ್ಧನಿವಾಸ ಮೊದಲಿನಿಂದಲೂ ಯಾರನ್ನೂ ಕಟ್ಟಲಿಲ್ಲ. ನಿವಾಸಿಗಳ ಪರವಾಗಿ ಎಲ್ಮಾ ಹೋಲ್ಡರ್ 1975ರಲ್ಲಿ ಕಟ್ಟಿದ ಸಂಘಟನೆ ರಾಜಧಾನಿಯಲ್ಲಿ ದನಿಯೆತ್ತಿತು. ಕೊನೆಗೆ 1987ರ ಡಿಸೆಂಬರಿನಲ್ಲಿ ಅಧ್ಯಕ್ಷ ರೇಗನ್ ಅಂಕಿತ ಹಾಕಿದ ಶಾಸನ, ಶಿಕ್ಷೆಗಾಗಿಯಾಗಲಿ ಸಿಬ್ಬಂದಿಯ ಅನುಕೂಲಕ್ಕಾಗಿಯಾಗಲಿ ನಿವಾಸಿಯನ್ನು ಬಂಧಿಸತಕ್ಕದ್ದಲ್ಲವೆಂದು ವಿಧಿಸಿತು. 1989ರಲ್ಲಿ ಸೆನೆಟ್ಟಿನ ವೃದ್ಧಾಪ್ಯ ಸಮಿತಿಯ ಆಶ್ರಯದಲ್ಲಿಯೇ, ವೃದ್ಧರ ಕಟ್ಟು ಬಿಚ್ಚಿ ಎಂಬರ್ಥದ ಹೆಸರಿನಲ್ಲಿ ವಿಚಾರಗೋಷ್ಠಿ ಸೇರಿತು. 1990ರಲ್ಲಿ ನಿಯಮಗಳು ಜಾರಿಗೆ ಬಂದುವು. ಎರಡು ದಶಕಗಳೊಳಗಾಗಿ ಬಂಧನದಲ್ಲಿರುವವರ ಪ್ರಮಾಣ ನೂರಕ್ಕೆ 5ಕ್ಕಿಂತ ಕೆಳಗಿಳಿಯಿತು. ಕಟ್ಟು ಬಿಚ್ಚಿದರೆ ಮುದುಕರೆಲ್ಲ ಬಿದ್ದು ಸಾಯುವರೆಂದು ಹೆದರಿಸಿದವರ ಭವಿಷ್ಯವಾಣಿ ನಿಜವಾಗಲಿಲ್ಲ.

ಇದೇ ಅವಧಿಯಲ್ಲಿ ಎಣಿಕೆಯ ಯುಗವೂ ಪ್ರಾರಂಭವಾಯಿತು. ನರ್ಸಿಂಗ್ ಮತ್ತು ಮಾನವಶಾಸ್ತ್ರಗಳೆರಡರಲ್ಲೂ ಪರಿಣತರಾದ ಜಾನಿಸ್ ಮೋರ್ಸ್ ಕೆನಡಾದಲ್ಲಿ 1980ರ ದಶಕದಲ್ಲಿ ರೂಪಿಸಿದ ಮಾಪನ ಇಂದು ಬೆಂಗಳೂರಿನ ಎಷ್ಟೋ ಆಸ್ಪತ್ರೆಗಳ ಕೇಸ್ ಶೀಟಿನಲ್ಲಿಯೂ ಕಾಣಸಿಗುತ್ತದೆ. ಹಿಂದೆ ಬಿದ್ದುದುಂಟೇ ಎಂಬುದಕ್ಕೆ 25 ಅಂಕ, ಒಂದಕ್ಕಿಂತ ಹೆಚ್ಚು ಕಾಯಿಲೆಗೆ 15, ಪೀಠೋಪಕರಣವನ್ನು ಹಿಡಿದು ನಡೆಯುವವರಿಗೆ 30, ಅದರ ಬದಲು ಕೋಲು ಊರುವವರಿಗೆ 15, ನಮ್ಮ ಜನ ಗ್ಲೂಕೋಸ್ ಎನ್ನುವ ಡ್ರಿಪ್ ಕೈಯಲ್ಲಿದ್ದರೆ 20, ನಡಿಗೆ ತೀರ ಕುಂದಿದ್ದರೆ 20, ತನ್ನ ಶಕ್ತಿಯ ಮಿತಿಯನ್ನು ಮರೆಯುವವರಿಗೆ 15, ಒಟ್ಟು ಹೆಚ್ಚೆಂದರೆ 125. ಇದು ಎಷ್ಟು ಸೂಕ್ಷ್ಮವಾದ ಅವಲೋಕನದಿಂದ ಹುಟ್ಟಿತೆಂಬುದಕ್ಕೆ ಆ ಮೂವತ್ತು ಅಂಕಗಳೇ ನಿದರ್ಶನ: ಮಂಚ, ಮೇಜು, ಬಾಗಿಲ ಚೌಕಟ್ಟುಗಳನ್ನು ಒಂದಾದಮೇಲೊಂದು ಹಿಡಿದು ನಡೆಯುವವರು ಎರಡು ಆಸರೆಗಳ ನಡುವಿನ ಬರಿಯ ಜಾಗದಲ್ಲಿ ಬೀಳುವರೆಂಬುದನ್ನು ಮೋರ್ಸ್ ಕಂಡಿದ್ದರು. ಆದರೆ ಮಾಪನ ಮಾಡಿದ ಮಾತ್ರಕ್ಕೆ ರಕ್ಷಣೆ ಮಾಡಿದಂತಾಗಲಿಲ್ಲ. ಹಾಳೆಯಲ್ಲಿ ಅಂಕವನ್ನು ಬರೆದು, ಕೈಗೆ ಹಳದಿ ಪಟ್ಟಿಯನ್ನು ಕಟ್ಟಿ, ಮಂಚದ ಮೇಲೆ ಫಲಕವನ್ನು ತೂಗಿಸಿದರೆ ಕರ್ತವ್ಯ ಮುಗಿಯಿತೆಂಬ ಭಾವನೆ ಹರಡಿತು. ಇಂಗ್ಲೆಂಡಿನ ನೈಸ್ ಎಂಬ ರಾಷ್ಟ್ರೀಯ ಸಂಸ್ಥೆ 2013ರಲ್ಲಿ, ಬೀಳುವವರಾರೆಂದು ಅಂಕಗಳಿಂದ ಊಹಿಸುವುದನ್ನೇ ಬಿಡಿ, 65 ವರ್ಷ ದಾಟಿದ ಒಳರೋಗಿಗಳೆಲ್ಲರೂ ಅಪಾಯದಲ್ಲಿರುವವರೆಂದೇ ತಿಳಿದು ಒಬ್ಬೊಬ್ಬರ ಕಾರಣವನ್ನೂ ಹುಡುಕಿ ಎಂಬ ಅಭಿಪ್ರಾಯವನ್ನು ಸೂಚಿಸಿತು. ಶೆಲ್ಡನ್ ಐವತ್ತು ವರ್ಷಗಳ ಹಿಂದೆ ಮಾಡಿದ್ದುದು ಅದನ್ನೇ ಅಲ್ಲವೇ?

ಹಣದ ಒತ್ತಡ ಬಂದಾಗ ಹಳೆಯ ರೋಗ ಹೊಸ ವೇಷದಲ್ಲಿ ಮರಳಿತು. 2008ರ ಅಕ್ಟೋಬರಿನಿಂದ ಅಮೆರಿಕದಲ್ಲಿ ವೃದ್ಧರ ಸರ್ಕಾರಿ ಆರೋಗ್ಯವಿಮೆಯಾದ ಮೆಡಿಕೇರ್ ವ್ಯವಸ್ಥೆ ಆಸ್ಪತ್ರೆಯೊಳಗೆ ಬಿದ್ದು ಆದ ಗಾಯದ ಹೆಚ್ಚುವರಿ ವೆಚ್ಚವನ್ನು ಕೊಡುವುದಿಲ್ಲವೆಂದಿತು. ಉದ್ದೇಶ ಒಳ್ಳೆಯದೇ, ಪರಿಣಾಮವೇನೆಂದರೆ, ಒಂದು ಪತನವನ್ನೂ ಕಾಣಬಾರದೆಂಬ ಆತಂಕದಲ್ಲಿ ರೋಗಿ ಏಳುವುದನ್ನೇ ತಡೆಯುವ ಪ್ರವೃತ್ತಿ ಬಲವಾಯಿತು. ರೋಗಿ ಮೇಲೆದ್ದೊಡನೆ ಕೂಗುವ ಗಂಟೆಯನ್ನು ಹಾಸಿಗೆಗೆ ಅಳವಡಿಸಿದರು. ಮೆಂಫಿಸ್ ನಗರದ ಆಸ್ಪತ್ರೆಯೊಂದರ 16 ವಾರ್ಡುಗಳಲ್ಲಿ 27,672 ರೋಗಿಗಳನ್ನೊಳಗೊಂಡು ನಡೆದು 2012ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಗಂಟೆಯ ಬಳಕೆ ಹೆಚ್ಚಿತೇ ವಿನಾ ಪತನಗಳು ಕಡಮೆಯಾಗಲಿಲ್ಲ. ಗಂಟೆ ಬಾರಿಸುವ ಹೊತ್ತಿಗೆ ರೋಗಿ ನೆಲದ ಮೇಲಿದ್ದರೆ ಅದರಿಂದೇನು ಪ್ರಯೋಜನ? ಆಸ್ಟ್ರೇಲಿಯದ 24 ವಾರ್ಡುಗಳಲ್ಲಿ ಫಲಕ, ಗಂಟೆ, ತಗ್ಗುಮಂಚ ಮೊದಲಾದ ಆರು ಉಪಾಯಗಳನ್ನು ಒಟ್ಟಿಗೆ ಪ್ರಯೋಗಿಸಿ 2016ರಲ್ಲಿ ಪ್ರಕಟಿಸಿದ ಫಲವೂ ನಿರಾಶಾದಾಯಕವೇ. ಇವಕ್ಕಿಂತ ಭಿನ್ನವಾದ ಫಲವನ್ನು ಕಂಡವರು ಪೆಟ್ರೀಷಿಯ ಡೈಕ್ಸ್ ಮತ್ತು ಅವರ ಸಂಗಡಿಗರು. ಬಾಸ್ಟನ್ ಮತ್ತು ನ್ಯೂಯಾರ್ಕ್ ನಗರಗಳ 14 ವಾರ್ಡುಗಳಲ್ಲಿ ದಾದಿ, ರೋಗಿ, ರೋಗಿಯ ಮನೆಯವರು ಮೂವರೂ ಮಂಚದ ಪಕ್ಕದಲ್ಲಿ ಕೂಡಿ, ಈ ರೋಗಿ ಯಾಕೆ ಬೀಳಬಹುದು, ಅದಕ್ಕೆ ಯಾವುದನ್ನು ಮಾಡಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಗುರುತಿಸಿ ಗೋಡೆಗೆ ತೂಗುಹಾಕುವ ಕ್ರಮವನ್ನು ಅವರು ತಂದರು. 2020ರಲ್ಲಿ ಪ್ರಕಟವಾದ ಫಲದಂತೆ ಪತನಗಳು ನೂರಕ್ಕೆ 15ರಷ್ಟೂ, ಗಾಯವುಂಟುಮಾಡುವ ಪತನಗಳು ನೂರಕ್ಕೆ 34ರಷ್ಟೂ ಇಳಿದಿದ್ದುವು. ಯಂತ್ರವೇನೂ ಇಲ್ಲದ ಈ ಕ್ರಮದಲ್ಲಿ ಹೊಸದಾಗಿದ್ದುದು ರೋಗಿಯೊಡನೆ ಆಡಿದ ಮಾತು.

ಭಾರತದಲ್ಲಿ ವೃದ್ಧರಿಗಾಗಿಯೇ ಸರ್ಕಾರಿ ಆಸ್ಪತ್ರೆಯಲ್ಲಿ ವಿಭಾಗವನ್ನು ತೆರೆಯುವ ಕಾರ್ಯವನ್ನು 1978ರಲ್ಲಿ ಮದರಾಸಿನಲ್ಲಿ ಆರಂಭಿಸಿದವರು ಡಾ. ವಿ. ಎಸ್. ನಟರಾಜನ್; ಆಸ್ಪತ್ರೆಗಳ ಗುಣಮಟ್ಟವನ್ನು ಪರೀಕ್ಷಿಸಿ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಲಿ ಹುಟ್ಟಿದುದು 2005ರಲ್ಲಿ, ಅದರ ಮಾನದಂಡಗಳ ಮೂಲಕವೇ ಪತನಗಳನ್ನೆಣಿಸುವ ಪದ್ಧತಿ ನಮ್ಮ ದೊಡ್ಡ ಆಸ್ಪತ್ರೆಗಳಲ್ಲಿ ಹರಡಿತು. ಆದರೆ ನಮ್ಮಲ್ಲಿ ರೋಗಿಯನ್ನು ಕಾಯುತ್ತ ಬಂದಿರುವುದು ಇವೆರಡಕ್ಕೂ ಹಿಂದಿನದಾದ ಇನ್ನೊಂದು ಸಂಪ್ರದಾಯ. ಮೈಸೂರಿನ ದೊಡ್ಡಾಸ್ಪತ್ರೆಯಾಗಲಿ ತಾಲ್ಲೂಕಿನ ಆಸ್ಪತ್ರೆಯಾಗಲಿ, ರೋಗಿಯ ಜೊತೆಗೆ ಮನೆಯವರೊಬ್ಬರು ಇದ್ದೇ ಇರುತ್ತಾರೆ. ಮಗಳೋ ಸೊಸೆಯೋ ತಮ್ಮನ ಮಗನೋ ಪಾಸು ಪಡೆದು, ಹಗಲು ಸ್ಟೂಲಿನ ಮೇಲೆ, ರಾತ್ರಿ ಮಂಚದ ಕೆಳಗೆ ಚಾಪೆಯ ಮೇಲೆ. ಸಿಸ್ಟರೊಬ್ಬರ ಪಾಲಿಗೆ ಹತ್ತಾರು ರೋಗಿಗಳಿರುವಲ್ಲಿ, ಪಾಶ್ಚಾತ್ಯರು ಕಳೆದುಕೊಂಡು ಪರಿತಪಿಸಿದ ಆ ಪಕ್ಕದ ಕಣ್ಣು ನಮ್ಮಲ್ಲಿ ಹೀಗೆ ಉಳಿದುಬಂದಿದೆ. ಇದನ್ನು ಗುಂಪೆಂದೂ ಗದ್ದಲವೆಂದೂ ಹಳಿಯುವವರು ಅದು ಮಾಡುವ ಕೆಲಸದ ಬೆಲೆಯನ್ನು ಅರಿಯರು.

ಆದರೆ ಆ ಮಗಳಿಗೆ ಯಾರೂ ಏನನ್ನೂ ಹೇಳಿಕೊಟ್ಟಿರುವುದಿಲ್ಲ. ಅಜ್ಜಿಯನ್ನು ಮಲಗಿದಲ್ಲಿಂದ ಒಮ್ಮೆಲೇ ನಿಲ್ಲಿಸದೆ ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕೂರಿಸಬೇಕು, ರಟ್ಟೆ ಹಿಡಿದು ಎಳೆಯದೆ ಬೆನ್ನಿಗೂ ಸೊಂಟಕ್ಕೂ ಆಸರೆ ಕೊಡಬೇಕು, ನೀರು ಹೆಚ್ಚು ಹೋಗುವ ಮಾತ್ರೆಯನ್ನು ಸಂಜೆ ಕೊಟ್ಟಿದ್ದಾರೆಯೇ ಎಂದು ಸಿಸ್ಟರನ್ನು ಕೇಳಬೇಕು, ಹವಾಯಿ ಚಪ್ಪಲಿ ಬೇಡ ಹಿಮ್ಮಡಿಗೆ ಪಟ್ಟಿಯಿರುವುದು ಬೇಕು, ಫಿನಾಯಿಲ್ ಹಾಕಿ ಒರೆಸಿದ ನೆಲ ಆರುವತನಕ ಕಾಯಬೇಕು, ಹಗಲಿನಲ್ಲಿ ನಾಲ್ಕು ಬಾರಿಯಾದರೂ ಕೈಹಿಡಿದು ನಡೆಯಿಸಬೇಕು ಎಂಬಿಷ್ಟನ್ನು ಹೇಳುವುದಕ್ಕೆ ಹತ್ತು ನಿಮಿಷ ಸಾಕು. "ಅಜ್ಜಿ, ನೀವಾಗಿಯೇ ಏಳಬೇಡಿ, ಕರೀರಿ" ಎಂದು ರೋಗಿಗೆ ಹೇಳಿಹೋಗುವುದು ಎಲ್ಲ ವಾರ್ಡುಗಳಲ್ಲಿಯೂ ಇದೆ. ಕರೆದಾಗ ಬರುವವರಿಗೆ ಹೇಗೆ ಹಿಡಿಯಬೇಕೆಂದು ತೋರಿಸಿಕೊಡುವ ಪಾಠವನ್ನು ಭರ್ತಿಯ ದಿನವೇ, ಪಾಸು ಬರೆದುಕೊಡುವ ಮೇಜಿನ ಬಳಿಯಲ್ಲೇ, ಕನ್ನಡದಲ್ಲೇ, ಆರಂಭಿಸುವುದಕ್ಕೆ ನಮ್ಮ ಆಸ್ಪತ್ರೆಗಳಿಗೆ ಹೊಸ ಮಂಚವಾಗಲಿ ಹೊಸ ಗಂಟೆಯಾಗಲಿ ಬೇಕಾಗಿಲ್ಲ.